ಪಾಲಿಶ್ ಅಂಬಣ್ಣನ ಬೋಗುಣಿ

ಅಂಬಣ್ಣನಿಗೆ ಹೊಟ್ಟೆಕಿಚ್ಚು ಹೊಸದೇನಲ್ಲ. ಆದರೆ ಅರವತ್ತಾರರ ವಯಸ್ಸಿನಲ್ಲಿ, ಅದೂ ಎರಡು ಪಿಕಳಾರ ಹಕ್ಕಿಗಳ ದೆಸೆಯಿಂದ, ಅನ್ನ ಸೇರದಷ್ಟು ಹೊಟ್ಟೆ ಉರಿದದ್ದು ಇದೇ ಮೊದಲು.

ಅಫಜಲಪುರದ ಕಡೆಯಿಂದ ಪುಣೆಗೆ ಬಂದು ನಲವತ್ತು ವರ್ಷ ಅವನು ಮಾಡಿದ್ದು ನೆಲಕ್ಕೆ ಪಾಲಿಶ್ ಹಿಡಿಯುವ ಕೆಲಸ. ಅವನು ಕೈಯಿಟ್ಟ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ಔಂಧದ ಬಂಗಲೆಯೊಂದರಲ್ಲಿ ಯಜಮಾನನೇ ಜಾರಿ ಬಿದ್ದದ್ದನ್ನು ಕೂಡ ಅವನು ಬಹುಮಾನ ಬಂದವನಂತೆ ಹೇಳುತ್ತಾನೆ. ದೇಹೂ ರೋಡಿನಲ್ಲಿ ಅವನ ಪಕ್ಕದ ಮನೆಯ ಗುರಣ್ಣನೂ ಊರ ಕಡೆಯವನೇ, ಆದರೆ ಜೀವಮಾನವಿಡೀ ಕಾಂಕ್ರೀಟು ಹೊತ್ತವನು. ಹೊರುವವನೂ ಒಬ್ಬ ಕೆಲಸಗಾರನೇನು ಎಂದು ಅಂಬಣ್ಣ ಮೂಗು ಮುರಿಯುತ್ತಿದ್ದ.

ಈ ಬೇಸಿಗೆಯಲ್ಲಿ ಹೆಂಡತಿ ಶಿವಕಾಂತಾಳ ಮೊಣಕಾಲಿಗೆ ಆಪರೇಷನ್ ಆಯಿತು. ದಿನವಿಡೀ ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವುದೇ ಅವಳ ಕೆಲಸವಾಯಿತು. ಮೂರನೆಯ ದಿನವೇ ಅವಳು ಕುರ್ಚಿಯನ್ನು ಗುರಣ್ಣನ ಹಿತ್ತಿಲ ಕಡೆಗೆ ತಿರುಗಿಸಿದಳು. ಗಿಡ್ಡ ಗೋಡೆಯಾಚೆ ಗುರಣ್ಣ ನಾಲ್ಕು ಇಟ್ಟಿಗೆಯ ಮೇಲೆ ಕಾಂಕ್ರೀಟು ಹೊರುತ್ತಿದ್ದ ತನ್ನ ಹಳೆಯ ಕಬ್ಬಿಣದ ಬುಟ್ಟಿಯಿಟ್ಟು ನೀರು ತುಂಬಿದ್ದ. ಅದರಲ್ಲಿ ಜೋಡಿ ಪಿಕಳಾರ ರೆಕ್ಕೆ ಬಡಿದು ಮೀಯುತ್ತಿದ್ದವು, ಇವಳು ಇಲ್ಲಿ ಕೂತು ನಗುತ್ತಿದ್ದಳು. ಮದುವೆಯಾದಾಗಿನಿಂದ ಅಂಬಣ್ಣ ಆ ನಗುವನ್ನು ಎಷ್ಟು ಸಲ ಕಂಡಿದ್ದನೋ, ಬೆರಳು ಮಡಚಿ ಎಣಿಸಬಹುದು. ಊಟದ ಹೊತ್ತಿಗೂ ಅವಳಿಗೆ ಅದೇ ಮಾತು. ಯಾವುದು ಮೊದಲು ಇಳಿಯಿತು, ಯಾವುದು ಬಾಲ ಕುಣಿಸಿತು. ಅವನು ಅರ್ಧ ರೊಟ್ಟಿ ಬಿಟ್ಟು ಎದ್ದ.

ಬಿಡುತ್ತಾನೆಯೇ? ಬಿಳಿ ಸಿಮೆಂಟು, ಮಾರ್ಬಲ್ ಚೂರು ತಂದು ಅಗಲವಾದ ಬೋಗುಣಿ ಎರಕ ಹೊಯ್ದ. ಎಂಟು ದಿನ ಪಾಲಿಶ್ ಕಲ್ಲು ಹಿಡಿದು ಉಜ್ಜಿದ. ನೀರು ತುಂಬಿದಾಗ ಅದರೊಳಗೆ ಆಕಾಶವೇ ಕಂಡಿತು. ಗಂಡನ ಮೇಲಿನ ದಾಕ್ಷಿಣ್ಯಕ್ಕೆ ಶಿವಕಾಂತಾ ಕುರ್ಚಿಯನ್ನು ಈ ಕಡೆ ತಿರುಗಿಸಿದಳು. ಪಿಕಳಾರ ಬಂದವು, ಅಂಚಿನ ಮೇಲೆ ಕೂತವು, ಒಳಗೆ ಕಾಲಿಟ್ಟವು, ಜಾರಿದವು, ಗಾಬರಿಯಾಗಿ ಸೀದಾ ಗುರಣ್ಣನ ಬುಟ್ಟಿಗೆ ಹಾರಿದವು. ಮೂರು ದಿನ ಇದೇ ಕಥೆ. ನಾಲ್ಕನೆಯ ದಿನ ಕುರ್ಚಿ ಮತ್ತೆ ಆ ಕಡೆಗೆ ಹೊರಳಿತು. ಅವಳು ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಮರುದಿನ ಗುರಣ್ಣ ಸಂತೆಗೆ ಹೋದ ಹೊತ್ತು ನೋಡಿ, ಹೆಂಡತಿ ಒಳಗೆ ಮಲಗಿದ್ದಾಗ, ಅಂಬಣ್ಣ ಕಳ್ಳನಂತೆ ಗೋಡೆ ದಾಟಿದ. ನೀರು ಚೆಲ್ಲಿದ. ಬುಟ್ಟಿಯನ್ನು ಎತ್ತಿ ಎಸೆಯಬೇಕೆಂದು ಒಳಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. ತಳದ ತುಂಬ ವರ್ಷಾನುಗಟ್ಟಲೆ ಮೆತ್ತಿಕೊಂಡು ಗಟ್ಟಿಯಾದ ಕಾಂಕ್ರೀಟು, ಮೈಮೇಲಿನ ಬೊಕ್ಕೆಗಳಂತೆ ಎದ್ದ ಜಲ್ಲಿಕಲ್ಲಿನ ಕಡಿ. ಹಕ್ಕಿಯ ಉಗುರಿಗೆ ಬೇಕಾದ ಹಿಡಿತ ಅಲ್ಲಿತ್ತು. ನಲವತ್ತು ವರ್ಷ ಒರಟುತನವನ್ನು ಉಜ್ಜಿ ಅಳಿಸಿದ ಆ ಬೆರಳುಗಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾಚಿಕೆಯಿಂದ ಬುಟ್ಟಿಯನ್ನು ಇದ್ದಂತೆಯೇ ಇಟ್ಟು ನೀರು ತುಂಬಿದ. ಮನೆಗೆ ಬಂದು ಉಳಿ ಸುತ್ತಿಗೆ ತೆಗೆದ. ತನ್ನ ಕೈಯ ಅತ್ಯುತ್ತಮ ಕೆಲಸದ ಮೇಲೆ ಒಂದೊಂದೇ ಪೆಟ್ಟು ಹಾಕುತ್ತಾ ತಳವನ್ನೆಲ್ಲ ತರಿತರಿ ಮಾಡಿದ. ಹೊಟ್ಟೆಕಿಚ್ಚಲ್ಲದೆ ಬೇರೆ ಯಾವುದೂ ಅವನಿಂದ ಆ ಕೆಲಸ ಮಾಡಿಸುತ್ತಿರಲಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ಎರಡೂ ಪಿಕಳಾರ ಅವನ ಬೋಗುಣಿಗೆ ಇಳಿದವು. ಜಾರಲಿಲ್ಲ. ಮುಳುಗಿ, ಎದ್ದು, ನೀರು ಚಿಮ್ಮಿಸಿದವು. ಶಿವಕಾಂತಾ ತಾನೇ ಕಷ್ಟಪಟ್ಟು ಕುರ್ಚಿ ತಿರುಗಿಸಿಕೊಂಡು ಬಾಯಿತುಂಬ ನಕ್ಕಳು. ಅಂಬಣ್ಣ ಬಾಗಿಲಲ್ಲಿ ನಿಂತು ಮೀಸೆಗೆ ಕೈ ಹಾಕಿದ. ಅವಳು ಅವನ ಕಡೆ ನೋಡಲೇ ಇಲ್ಲ. ಗೋಡೆಯಾಚೆಗೆ ಕೂಗಿದಳು:

"ಗುರಣ್ಣಾರ, ಲಗೂನ ಬರ್ರಿ ಇಲ್ಲಿ. ನಿಮ್ಮ ಹಕ್ಕಿ ನಮ್ಮನ್ಯಾಗ ಜಳಕಾ ಮಾಡ್ಲಕತ್ತಾವ."