ತಲೆಬುರುಡೆ ಹಂಚದ ಡಬ್ಬಿ ಅಕ್ಕ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಲಾರಿ ನಿಲ್ದಾಣದ ಶೌಚಾಲಯದ ಗೋಡೆಗೆ ಬಡಿದ ತಗಡಿನ ಡಬ್ಬಿಗೆ ಮಹಿಳೆಯೊಬ್ಬರು ಕಾಂಡೋಮ್ ತುಂಬುತ್ತಿದ್ದಾರೆ. ಮಂಡಿ ನೋವು, ಒಂದು ಕೈ ಗೋಡೆಯ ಮೇಲೆ. ಇಂಥ ಆರು ಡಬ್ಬಿಗಳು ಇವರ ಪಾಲಿಗಿವೆ. ಚಾಲಕರ ಬಾಯಲ್ಲಿ ಇವರು ‘ಡಬ್ಬಿ ಅಕ್ಕ’.

ಹದಿನಾಲ್ಕು ವರ್ಷಗಳಿಂದ ಆರೋಗ್ಯ ಕಾರ್ಯಕರ್ತೆ. ದಿನಕ್ಕೆ ಅರವತ್ತು ಚಾಲಕರನ್ನು ಮಾತಾಡಿಸಬೇಕು. ಈಗ ಕಚೇರಿಯಿಂದ ಹೊಸ ಕರಪತ್ರ ಬಂದಿದೆ: ಕಪ್ಪು ತಲೆಬುರುಡೆ, ಕೆಳಗೆ ‘ಮರೆತರೆ ಮರಣ’. ಹಂಚದವರ ಗುತ್ತಿಗೆ ಈ ತಿಂಗಳಿಗೇ ಮುಗಿಯುತ್ತದೆ. ಮೊದಲ ದಿನದ ನಂತರ ಇವರ ಕಟ್ಟು ಚೀಲದಿಂದ ಹೊರಬಂದಿಲ್ಲ.

ದಪ್ಪ ಮೀಸೆಯ ಚಾಲಕರೊಬ್ಬರು ಚೀಲಕ್ಕೆ ಇಣುಕುತ್ತಾರೆ. “ಅಕ್ಕಾ, ಇದ್ಯಾರ ಫೋಟೋ? ನಿಮ್ಮ ಸಾಹೇಬ್ರದಾ?”

“ನಿಂದೇ ಕಣಪ್ಪಾ, ಮೀಸೆ ಉದುರಿದ ಮೇಲೆ ತೆಗ್ದಿದ್ದು. ಅದಿರ್ಲಿ, ಮಗಳು ನಡೀತಾಳಾ?”

“ಗೋಡೆ ಹಿಡ್ಕೊಂಡು ಎರಡು ಹೆಜ್ಜೆ.”

“ಹಾಗಾದ್ರೆ ಈ ಕಾಂಡೋಮ್ ಇಟ್ಕೊ. ಮನೆ ಬಾಗಿಲು ತಟ್ಟುವಾಗ ಎದೇಲಿ ಅಳುಕಿರಲ್ಲ. ಹೆಂಡ್ತೀನೂ ಗಟ್ಟಿಮುಟ್ಟಾಗಿರ್ತಾಳೆ. ಒಂದು ಸಾಕಾ, ನಾಲ್ಕು ಬೇಕಾ?”

ಚಾಲಕರು ಅತ್ತಿತ್ತ ನೋಡಿ ನಾಲ್ಕನ್ನೂ ಜೇಬಿಗಿಳಿಸುತ್ತಾರೆ.

ಅಜ್ಜಿಯ ಕಥೆಯಲ್ಲಿ ರಾಕ್ಷಸ ಬಂದ ಕೂಡಲೇ ಮಕ್ಕಳು ಮುಸುಕೆಳೆದುಕೊಳ್ಳುತ್ತವೆ; ಮುಂದಿನ ಕಥೆ ಅವಕ್ಕೆ ಕೇಳಿಸುವುದೇ ಇಲ್ಲ. ಡಬ್ಬಿ ಅಕ್ಕನಿಗೆ ಇದು ತಿಳಿದದ್ದು ತಡವಾಗಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹುಣ್ಣುಗಳ ಚಿತ್ರ ತೋರಿಸಿ ಒಬ್ಬ ಚಾಲಕನನ್ನು ಹೆದರಿಸಿದ್ದರು. ಆತ ಲಾರಿಯನ್ನೇ ಬೇರೆ ಕಡೆ ನಿಲ್ಲಿಸತೊಡಗಿದ. ಎರಡು ವರ್ಷದ ಮೇಲೆ ಆಸ್ಪತ್ರೆಯ ಎಚ್‌ಐವಿ ಔಷಧದ ಸಾಲಿನಲ್ಲಿ ಅವನ ಹೆಂಡತಿ ಕಂಡಳು, ಬಸುರಿ. “ಅವ್ನು ಹೆದರಿದ್ದು ಕಾಯಿಲೆಗಲ್ಲ, ನನಗೆ,” ಎನ್ನುತ್ತಾ ಅಕ್ಕ ಮಂಡಿ ಒತ್ತಿಕೊಳ್ಳುತ್ತಾರೆ.

ಎಂಟಕ್ಕೆ ಮೇಲ್ವಿಚಾರಕರು ಬರುತ್ತಾರೆ. “ಇವತ್ತು ಕರಪತ್ರ ಎಷ್ಟು ಹಂಚಿದ್ರಿ?”

“ಒಂದೂ ಇಲ್ಲ ಸರ್. ಮೊದಲ ದಿನ ಹಂಚಿದ್ದೆ. ಡಬ್ಬಿ ತುಂಬಿದ್ದು ತುಂಬಿದ ಹಾಗೇ ಇತ್ತು.”

“ಭಯ ಇದ್ರೇನೇ ಜನ ಕೇಳೋದಮ್ಮಾ.”

“ಓಡಿ ಹೋದ್ಮೇಲೆ ಎಲ್ಲಿ ಕೇಳ್ತಾರೆ ಸರ್?”

ಮೇಲ್ವಿಚಾರಕರು ವರದಿಯಲ್ಲಿ ಸೊನ್ನೆ ಬರೆದು ಮುಂದೆ ಚಾಚುತ್ತಾರೆ. ಸೊನ್ನೆಯ ಪಕ್ಕದಲ್ಲಿ ಅಕ್ಕ ನಿಧಾನವಾಗಿ, ಪೂರ್ತಿ ಹೆಸರಿನ ಸಹಿ ಹಾಕುತ್ತಾರೆ.

ಇನ್ನೂ ಎರಡು ಡಬ್ಬಿ ಬಾಕಿ. ಗುತ್ತಿಗೆ ಮುಗಿಯುವ ಮುನ್ನ ಏನಾದರೂ ಆಸೆ ಇದೆಯೇ ಎಂದು ನಾನು ಕೇಳಿದರೆ, ಗೋಡೆ ಹಿಡಿದು ಏಳುತ್ತಾ ಹೇಳುತ್ತಾರೆ: “ನನ್ನ ಜಾಗಕ್ಕೆ ಬರೋಳಿಗೆ ಒಂದೇ ಒಂದು ದಿನ ಜೊತೇಲಿದ್ದು ತೋರಿಸ್ಬೇಕು. ಮೊದ್ಲು ಮನೆಯವ್ರ ಬಗ್ಗೆ ಕೇಳಮ್ಮಾ, ಆಮೇಲೆ ಚೀಲಕ್ಕೆ ಕೈ ಹಾಕು ಅಂತ.”