ದೇವದುರ್ಗದ ಬಸ್ಸು ಮತ್ತು ನನ್ನ ಮೌನವ್ರತ

ಮಾನ್ವಿಯ ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕಿ ಕೇಳಿದ ಮಾತಿಗೆ ನಾನು ಗೊತ್ತಿದ್ದೂ ಉತ್ತರ ಕೊಡಲಿಲ್ಲ. ಅದರಿಂದ ಆಕೆಗೆ ಮಗಳ ಮುಖ ಕೊನೆಯ ಸಲ ನೋಡಲು ಸಿಗಲಿಲ್ಲ. ನನ್ನ ಮೌನಸಾಧನೆಯ ಬಗ್ಗೆ ಸ್ಮರಣ ಸಂಚಿಕೆಗೆ ಬರೆದುಕೊಡಿ ಎಂದಿರಲ್ಲ, ಸಮಿತಿಯವರೇ — ಇದೇ ಆ ಸಾಧನೆ. ಅಚ್ಚು ಹಾಕುವ ಧೈರ್ಯವಿದ್ದರೆ ಹಾಕಿ, ಇಲ್ಲವಾದರೆ ಬಿಡಿ. ರಾಯಚೂರಿನ ನಿಮ್ಮ ಸಭೆಗೆ ಶಾಲು ಹೊದೆಸಿಕೊಳ್ಳಲಿಕ್ಕಂತೂ ನಾನು ಬರುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಶ್ರಾವಣ. ಆಗ ನಾನು ಮಾನ್ವಿಯಲ್ಲಿ ಸರಕಾರಿ ಗುಮಾಸ್ತ. ನನ್ನನ್ನು ನಾನು ಅರಿಯಬೇಕು ಎಂಬ ಹುಚ್ಚು ಹಿಡಿದಿತ್ತು. ರಜೆ ಹಾಕಿ ಇಪ್ಪತ್ತೊಂದು ದಿನ ಮೌನ ಹಿಡಿದೆ. ಮಾತಷ್ಟೇ ಅಲ್ಲ, ಕೈಸನ್ನೆಯೂ ಇಲ್ಲ. ಉಪ್ಪು ಸಾಕೇ ಎಂದು ಹೆಂಡತಿ ಕೇಳಿದರೂ ತಲೆ ಆಡಿಸುತ್ತಿರಲಿಲ್ಲ. ಮೂರನೆಯ ದಿನಕ್ಕೆ ಆಕೆ ಕೇಳುವುದನ್ನೇ ಬಿಟ್ಟಳು. ಗದ್ದಲದ ನಡುವೆ ಮನಸ್ಸು ಗಟ್ಟಿಯಾಗುತ್ತದೆ ಎಂದುಕೊಂಡು ಬಸ್ ನಿಲ್ದಾಣದ ಬೇವಿನ ಕಟ್ಟೆಗೆ ಬಂದು ಕೂರುತ್ತಿದ್ದೆ. ಕಾವಿ ಶಾಲು, ಬಿಟ್ಟ ಗಡ್ಡ. ನಿಜ ಹೇಳಲೇ? ಅಲ್ಲಿ ನೋಡುವವರಿದ್ದರು.

ಹನ್ನೊಂದನೆಯ ದಿನ ಮಧ್ಯಾಹ್ನ ಆಕೆ ಬಂದಳು. ಗದ್ದದ ಮೇಲೆ ಮೂರು ಹಚ್ಚೆಯ ಚುಕ್ಕೆ. ಕಂಕುಳಲ್ಲಿ ಗಂಟು, ಕೂಸಿಗೆಂದು ಹಳೆಯ ಸೀರೆ ಹರಿದು ಮಡಿಚಿದ ಬಟ್ಟೆ ಅದರಿಂದ ಇಣುಕುತ್ತಿತ್ತು.

"ಯಪ್ಪಾ, ದೇವದುರ್ಗದ ಬಸ್ ಯಾವ್ದ್ರೀ? ಮಗಳಿಗೆ ಹೆರಿಗಿ ಬ್ಯಾನಿ ಭಾಳ ಆಗ್ಯಾವಂತ, ಜೀವ ನಿಲ್ಲವಲ್ದು."

ಎರಡು ಕೆಂಪು ಬಸ್ಸುಗಳು ನಿಂತಿದ್ದವು. ಮುಂದಿನದು ರಾಯಚೂರಿಗೆ, ಹಿಂದಿನದು ದೇವದುರ್ಗಕ್ಕೆ. ಬೋರ್ಡು ಓದಲು ನನಗೆ ಬರುತ್ತಿತ್ತು, ಆಕೆಗೆ ಬರುತ್ತಿರಲಿಲ್ಲ. ಒಂದು ಬೆರಳು ಎತ್ತಿದ್ದರೆ ಸಾಕಿತ್ತು. ಆದರೆ ಎದುರಿನ ಚಹಾದಂಗಡಿಯಲ್ಲಿ ಅಕ್ಕಿ ಗಿರಣಿಯ ಸಾಹುಕಾರರು ಕೂತು, ಇವರು ಸನ್ನೆ ಕೂಡ ಮಾಡುವವರಲ್ಲ ಎಂದು ಯಾರಿಗೋ ನನ್ನನ್ನು ತೋರಿಸುತ್ತಿದ್ದರು. ಆ ಮಾತು ಕಿವಿಗೆ ಬಿತ್ತು — ಮುದುಕಿಯ ಮಾತೂ ಬಿತ್ತು. ನಾನು ಕಣ್ಣು ಮುಚ್ಚಿ ಉಸಿರನ್ನು ಗಮನಿಸತೊಡಗಿದೆ. ಎಂಥ ಆತ್ಮಜ್ಞಾನ ನೋಡಿ! ಮೂಗಿನ ತುದಿಯ ಗಾಳಿ ಗೊತ್ತಾಗುತ್ತಿತ್ತು. ಎದುರಿಗೆ ನಿಂತವಳು — ಛೇ.

ಕಣ್ಣು ತೆರೆದಾಗ ಆಕೆ ರಾಯಚೂರಿನ ಬಸ್ಸು ಹತ್ತುತ್ತಿದ್ದಳು. ಕಂಡಕ್ಟರ್ ಇನ್ನೂ ಚಹಾ ಕುಡಿಯುತ್ತಿದ್ದ. ಬಸ್ಸು ಹೊರಡುವವರೆಗೂ ನೋಡುತ್ತಲೇ ಕೂತೆ. ಇಪ್ಪತ್ತೊಂದನೆಯ ದಿನ ನನಗೆ ಹಾರ ಹಾಕಿದರು. ಆ ಕಥೆಯನ್ನೇ ನೀವು ಇಂದಿಗೂ ಹೇಳಿಕೊಂಡು ತಿರುಗುತ್ತಿದ್ದೀರಿ.

ಆರು ವರ್ಷದ ಮೇಲೆ ನನಗೆ ದೇವದುರ್ಗಕ್ಕೆ ವರ್ಗವಾಯಿತು. ಒಂದು ದಿನ ಅದೇ ಮೂರು ಚುಕ್ಕೆಯ ಗದ್ದ, ಮೊಮ್ಮಗಳ ಕೈ ಹಿಡಿದು ನನ್ನ ಮೇಜಿನ ಮುಂದೆ ನಿಂತಿತು. ಶಾಲೆಗೆ ಸೇರಿಸಲು ಹುಟ್ಟಿದ ದಾಖಲೆ ಬೇಕಿತ್ತು. ಗಡ್ಡ ತೆಗೆದ ನನ್ನ ಗುರುತು ಆಕೆಗೆ ಸಿಗಲಿಲ್ಲ. ಹುಡುಗಿಯ ತಾಯಿಯ ಹೆಸರು ಕೇಳಿದೆ. ಹೇಳಿದಳು, ಹೆತ್ತ ದಿನವೇ ತೀರಿಹೋದಳು ಎಂದಳು. ತಾನು ತಪ್ಪು ಬಸ್ಸು ಹತ್ತಿದ್ದು, ನಡುದಾರಿಯಲ್ಲಿ ಇಳಿದದ್ದು, ಮರುದಿನ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಮುಗಿಸಿದ್ದು — ಯಾರನ್ನೂ ದೂರದೆ ಹೇಳಿದಳು.

"ಅಲ್ಲೊಬ್ರು ಸ್ವಾಮಿಗಳು ಕುಂತಿದ್ರು, ಅವರನ್ನ ಕೇಳಿದೆನ್ರಿ. ಪಾಪ, ಅವರಿಗೆ ಕಿವಿ ಕೇಳ್ತಿದ್ದಿಲ್ಲ ಕಾಣ್ತದ. ಇಕಿಗರ ಬಸ್ಸಿನ ಬೋರ್ಡ್ ಓದಾಕ ಬರ್ಲಿ ಅಂತ ಸಾಲಿಗೆ ಹಾಕಾಕತ್ತೀನ್ರಿ."

ಕೇಳಿಸಿಕೊಂಡವನು ಸುಮ್ಮನಿರಬಲ್ಲ ಎಂಬುದು ಆಕೆಯ ಮನಸ್ಸಿಗೇ ಬಂದಿರಲಿಲ್ಲ. ಮನುಷ್ಯನೆಂದರೆ ಯಾರು ಎಂದು ಪುಸ್ತಕ ತಿರುವಿ ಹಾಕಿದವನು ನಾನು, ಗೊತ್ತಿದ್ದದ್ದು ಆಕೆಗೆ. ದಾಖಲೆ ಬರೆದೆ, ಮುದ್ರೆ ಒತ್ತಿ ಕೊಟ್ಟೆ. ಆ ಸ್ವಾಮಿ ನಾನೇ ಎಂದು ಹೇಳಲಿಲ್ಲ. ಅವತ್ತು ಯಾವ ವ್ರತವೂ ಇರಲಿಲ್ಲ, ನೋಡುವ ಸಾಹುಕಾರರೂ ಇರಲಿಲ್ಲ. ಬರೀ ಹೆದರಿಕೆ. ನನ್ನೊಳಗೆ ಯಾರಿದ್ದಾನೆಂದು ಅವತ್ತು ಪೂರಾ ಕಂಡೆ.

ಸರಿಯಾದ ಬಸ್ಸು ಹತ್ತಿದ್ದರೂ ಮಗಳು ಉಳಿಯುತ್ತಿರಲಿಲ್ಲವೇನೋ — ಆ ಮಾತಿನ ಹಿಂದೆ ನಾನು ಅಡಗುವುದಿಲ್ಲ, ನೀವೂ ನನ್ನನ್ನು ಅಡಗಿಸಬೇಡಿ. ಇನ್ನು ಮೇಲೆ ಮೌನಿಗಳು ಎಂದು ಕರೆಯಲೂ ಬೇಡಿ. ನಿಮ್ಮ ಸಭೆಯ ದಿನ ನಾನು ದೇವದುರ್ಗದಲ್ಲಿರುತ್ತೇನೆ. ಮುದುಕಿ ಬದುಕಿದ್ದಾಳೋ ಇಲ್ಲವೋ. ಇಲ್ಲದಿದ್ದರೆ ಮೊಮ್ಮಗಳ ಮುಂದೆ ನಿಂತಾದರೂ ಹೇಳಬೇಕು, ಆಕೆಯ ಮಾತಿನಲ್ಲೇ —

ಯವ್ವಾ, ನನಗ ಕಿವಿ ಕೇಳ್ತಿತ್ತು.