ಮಲ್ಲಪ್ಪನ ಹದಿನೆಂಟು ಸೊನ್ನೆಗಳು

1991. ಆಗ ನಾನು ಸಾಂತಾಕ್ರೂಜ್‌ನ ಒಂದು ಕಂಪನಿಯಲ್ಲಿ ಪ್ರೋಗ್ರಾಮರ್. ಉಪನಗರದ ಒಂದು ಹಾಸ್ಪೈಸ್‌ಗೆ, ಅಂದರೆ ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಆಸ್ಪತ್ರೆಗೆ, ಸಾಫ್ಟ್‌ವೇರ್ ಬರೆದುಕೊಡಲು ನನ್ನನ್ನು ಕಳಿಸಿದ್ದರು. ನಾಲ್ಕು ಗಂಟೆಗೊಮ್ಮೆ ನರ್ಸ್ ರೋಗಿಯನ್ನು ಕೇಳಬೇಕು: ನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು? ಆ ಅಂಕಿಯನ್ನು ಕಂಪ್ಯೂಟರಿಗೆ ಹಾಕಿದರೆ ಅದು ದಿನದ ಸರಾಸರಿ ತೆಗೆದು, ಮರುದಿನದ ಮಾರ್ಫೀನ್ ಡೋಸ್ ಸೂಚಿಸುತ್ತಿತ್ತು. ಡಾಕ್ಟರು ನೋಡಿ ಸಹಿ ಹಾಕುತ್ತಿದ್ದರು. ಮೊದಲ ತಿಂಗಳು ಎಲ್ಲ ಸುಸೂತ್ರವಾಗಿ ನಡೆಯಿತು. ನನಗೋ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮಲ್ಲಪ್ಪ ಬಂದದ್ದು ಎರಡನೇ ತಿಂಗಳು. ವಿಜಾಪುರದ ಕಡೆಯವನು, ಪವಾಯಿಯ ಬಿಲ್ಡಿಂಗ್‌ಗಳಲ್ಲಿ ಸೆಂಟ್ರಿಂಗ್ ಕೆಲಸ, ಬಾಯಿ ಕ್ಯಾನ್ಸರ್. ಜೊತೆಗೆ ಹೆಂಡತಿ ಶಾಂತವ್ವ. ಅಲ್ಲಿ ಕನ್ನಡ ಬರುತ್ತಿದ್ದವನು ನಾನೊಬ್ಬನೇ, ಹಾಗಾಗಿ ಏನಿದ್ದರೂ ಅವಳು ನನ್ನ ಹತ್ತಿರವೇ ಬರುತ್ತಿದ್ದಳು. ಮಲ್ಲಪ್ಪ ಮೊದಮೊದಲು ಏಳು ಎನ್ನುತ್ತಿದ್ದ, ಔಷಧಿ ಹಿಡಿದ ಮೇಲೆ ಮೂರು ಎಂದ. ಆಮೇಲೆ ಗಡ್ಡೆ ಬೆಳೆದು ಮಾತು ನಿಂತಿತು. ಕೈಸನ್ನೆ ಮಾಡುವಷ್ಟು ಅರಿವೂ ಉಳಿಯಲಿಲ್ಲ.

ಉತ್ತರ ಸಿಗದಿದ್ದರೆ ಅಂಕಿ ಊಹಿಸಬೇಡಿ, ಜಾಗ ಖಾಲಿ ಬಿಡಿ ಎಂದು ನರ್ಸ್‌ಗಳಿಗೆ ಹೇಳಿಕೊಟ್ಟವನು ನಾನೇ. ಅವರು ಹಾಗೇ ಮಾಡಿದರು. ಆದರೆ ಖಾಲಿ ಜಾಗವನ್ನು ನನ್ನ ಪ್ರೋಗ್ರಾಂ ಸೊನ್ನೆ ಎಂದು ಓದಿಕೊಳ್ಳುತ್ತಿತ್ತು. ಸೊನ್ನೆ ಎಂದರೆ ನೋವೇ ಇಲ್ಲ. ಮೂರು ದಿನದಲ್ಲಿ ಡೋಸ್ ಮೂವತ್ತು ಮಿಲಿಗ್ರಾಮಿನಿಂದ ಇಪ್ಪತ್ತಕ್ಕೆ, ಹತ್ತಕ್ಕೆ, ಐದಕ್ಕೆ ಇಳಿಯಿತು. ಅವನ ಹೊರಳಾಟ ಕಂಡ ಡಾಕ್ಟರು ಪ್ರಿಂಟ್‌ಔಟ್ ತಿರುವಿ, ಇದು ನೋವಲ್ಲ, ಕೊನೆಗಾಲದ ಚಡಪಡಿಕೆ ಎಂದರು.

ಎರಡನೇ ದಿನ ಶಾಂತವ್ವ ನನ್ನ ಟೇಬಲ್ ಹತ್ತಿರ ಬಂದಳು.

"ಸಾಹೇಬ್ರ, ಮಾತ ನಿಂತೈತ್ರಿ, ನೋವ ನಿಂತಿಲ್ರಿ."

ನಾನು ಪರದೆಯ ಮೇಲೆ ಇಳಿಯುತ್ತ ಹೋದ ನೋವಿನ ಗೆರೆ ತೋರಿಸಿದೆ. ಮಷೀನು ಸುಳ್ಳು ಹೇಳುವುದಿಲ್ಲಮ್ಮ, ನಿನ್ನ ಗಂಡನಿಗೆ ನೋವಿಲ್ಲ, ಸುಮ್ಮನೆ ಹೆದರಬೇಡ ಎಂದು ಬುದ್ಧಿ ಹೇಳಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ! ಎದ್ದು ಹತ್ತು ಹೆಜ್ಜೆ ನಡೆದು ಅವನ ಮುಖ ನೋಡಿ ಬರಲು ನನಗೇನಾಗಿತ್ತು?

ನಾಲ್ಕನೇ ದಿನ ಬೆಳಿಗ್ಗೆ ಹಾಳೆಯಲ್ಲಿ ಸಾಲಾಗಿ ಹದಿನೆಂಟು ಸೊನ್ನೆ ಕಂಡು ಅನುಮಾನ ಬಂತು. ನರ್ಸನ್ನು ಕೇಳಿದರೆ, ನಾವು ಏನೂ ಹಾಕಿಯೇ ಇಲ್ಲವಲ್ಲ ಎಂದಳು. ಡಾಕ್ಟರನ್ನು ಕರೆದುಕೊಂಡು ಓಡಿದೆ. ಮಲ್ಲಪ್ಪ ಆಗಲೇ ತೀರಿಕೊಂಡಿದ್ದ. ಕಚ್ಚಿ ಕಚ್ಚಿ ಕೆಳದುಟಿ ಹರಿದುಹೋಗಿತ್ತು.

ಪ್ರೋಗ್ರಾಂ ಅನ್ನು ಅಂದೇ ಸರಿಪಡಿಸಿದೆ, ಅದು ಒಂದು ಸಾಲಿನ ಕೆಲಸ. ಸಂಜೆ ಶಾಂತವ್ವನಿಗೆ ಎಲ್ಲ ಬಿಡಿಸಿ ಹೇಳಿ, ತಪ್ಪು ನನ್ನದು ಎಂದೆ. ಬೈಯುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಹಾಕಿದ್ದರೆ ಚೆನ್ನಾಗಿತ್ತು.

"ನೋವಿಲ್ಲಂತ ನೀವಂದ್ರಿ. ಸುಮ್ನ ನಾಟಕ ಮಾಡಬ್ಯಾಡ್ರಿ ಅಂತ ನಾ ಎರಡ ದಿನ ಅವ್ರಿಗೆ ಬೈದೀನ್ರಿ," ಎಂದಳು. "ಅವ್ರಿಗದು ಕೇಳಸ್ತಿತ್ತೇನ್ರಿ?"

ಇಲ್ಲಮ್ಮ, ಕೇಳಿಸುತ್ತಿರಲಿಲ್ಲ ಎಂದೆ. ಗೊತ್ತಿಲ್ಲದ್ದನ್ನು ಇಲ್ಲ ಎನ್ನಬಾರದೆಂದು ನನ್ನ ಕೆಲಸ ನನಗೆ ಅವತ್ತೇ ಬೆಳಿಗ್ಗೆ ಕಲಿಸಿತ್ತು.